ಶುಲ್ಕ ಕಟ್ಟಿದ ಮೇಲೂ ಉಳಿಯುವ ಖರ್ಚು

ತಂದೆ ತಾಯಿಯನ್ನು ಕಳೆದುಕೊಂಡ ಹೆಣ್ಣುಮಕ್ಕಳ ಓದಿಗೆ ನೆರವಾಗಬೇಕೆಂಬ ಮನಸ್ಸಿಗೆ ನಮ್ಮ ಕರಾವಳಿಯಲ್ಲಿ ಕೊರತೆಯಿಲ್ಲ. ಶಾಲೆ ಆರಂಭವಾಗುವ ಹೊತ್ತಿಗೆ ಮಂಗಳೂರಿನ ಯಾವುದಾದರೂ ಸಭಾಂಗಣದಲ್ಲಿ ಪುಸ್ತಕ, ಬ್ಯಾಗು, ಕೊಡೆ ಹಂಚುವ ಕಾರ್ಯಕ್ರಮ ನಡೆಯುತ್ತದೆ; ಮಕ್ಕಳನ್ನು ವೇದಿಕೆಯ ಮುಂದೆ ಸಾಲಾಗಿ ನಿಲ್ಲಿಸಿ ತೆಗೆದ ಫೋಟೊ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಅನಾಥೆಯೆಂಬ ಹಣೆಪಟ್ಟಿಯನ್ನು ಊರಿನವರ ಮುಂದೆ ಹೊತ್ತು ನಿಲ್ಲಬೇಕಾದ ಹುಡುಗಿಯ ಮುಜುಗರವನ್ನು ಸದ್ಯಕ್ಕೆ ಬದಿಗಿಡೋಣ. ನನ್ನ ತಕರಾರು ಬೇರೆ. ಹುಡುಗಿಯ ಓದು ಜೂನ್ ತಿಂಗಳಿನಲ್ಲಿ ನಿಲ್ಲುವುದು ಅಪರೂಪ. ದಸರಾ ರಜೆ ಕಳೆದ ಮೇಲೋ, ಜನವರಿಯಲ್ಲೋ, ಬ್ಯಾಗಿನ ಬಣ್ಣ ಮಾಸುವ ಮೊದಲೇ ಅದು ನಿಂತಿರುತ್ತದೆ, ಆಗ ವಿಚಾರಿಸುವವರು ಯಾರೂ ಇರುವುದಿಲ್ಲ.

ಬ್ಯಾಂಕಿನಿಂದ ನಿವೃತ್ತರಾದ ನಾವು ಕೆಲವರು ಸೇರಿ ಇಂಥ ಹುಡುಗಿಯರ ಓದಿಗೆಂದು ಸಣ್ಣದೊಂದು ನಿಧಿಯನ್ನು ನಡೆಸುತ್ತಿದ್ದೇವೆ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ ಶಿಕ್ಷಕಿಯಾಗಿದ್ದ, ನಮ್ಮ ಕಡೆಯವರೇ ಆದ ಸಿಸ್ಟರ್ ಒಬ್ಬರು ರಜೆಗೆ ಬಂದಿದ್ದಾಗ ಅವರನ್ನು ಮಾತಿಗೆ ಕರೆದಿದ್ದೆವು. ಒಬ್ಬ ಹುಡುಗಿಯನ್ನು ಓದಿಸಲು ವರ್ಷಕ್ಕೆ ಎಷ್ಟು ಬೇಕಾಗುತ್ತದೆಂದು ನಮ್ಮಲ್ಲೊಬ್ಬರು ಕೇಳಿದಾಗ, "ಫೀಸಿನ ಲೆಕ್ಕ ಕೇಳಿದರೆ ಈಗಲೇ ಹೇಳುತ್ತೇನೆ ಸರ್, ಆದರೆ ಫೀಸಿನಿಂದಾಗಿ ಶಾಲೆ ಬಿಟ್ಟವರು ನಮ್ಮಲ್ಲಿ ಕಡಿಮೆ" ಎಂದು ಅವರು ಹೇಳಿದರು.

ಆ ದೇಶದಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಬಂಡುಕೋರರು ಹೊತ್ತೊಯ್ದ ಮಕ್ಕಳಲ್ಲಿ ಹುಡುಗಿಯರ ಸಂಖ್ಯೆಯೂ ದೊಡ್ಡದಿತ್ತು. ಯುದ್ಧ ಮುಗಿದಾಗ ಹೋರಾಟಗಾರರನ್ನು ನಾಗರಿಕ ಬದುಕಿಗೆ ಮರಳಿಸುವ ಯೋಜನೆಯೇನೋ ಬಂತು, ಆದರೆ ಕೋವಿ ತಂದೊಪ್ಪಿಸಿದವರೇ ಹೋರಾಟಗಾರರೆಂಬ ಲೆಕ್ಕಾಚಾರ ನಡೆದದ್ದರಿಂದ, ಶಿಬಿರಗಳಲ್ಲಿ ಅಡುಗೆ ಮಾಡುತ್ತ, ಹೊರೆ ಹೊರುತ್ತ, ದೌರ್ಜನ್ಯ ಸಹಿಸುತ್ತ ಬೆಳೆದ ಹುಡುಗಿಯರಲ್ಲಿ ಹೆಚ್ಚಿನವರು ಆ ನೆರವಿನಿಂದ ಹೊರಗೇ ಉಳಿದರು. 2014ರಲ್ಲಿ ಎಬೋಲಾ ಬಂತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಮೂರೂ ದೇಶಗಳಲ್ಲಿ ಸೇರಿ 11,300ಕ್ಕೂ ಹೆಚ್ಚು ಮಂದಿ ಸತ್ತರು. ರೋಗಿಯ ಆರೈಕೆಯಿಂದಲೂ ಶವಕ್ಕೆ ಸ್ನಾನ ಮಾಡಿಸುವ ಸಂಪ್ರದಾಯದಿಂದಲೂ ಹರಡುವ ಕಾಯಿಲೆಯಾದ್ದರಿಂದ, ಒಂದೇ ಮನೆಯಲ್ಲಿ ಸಾವಿನ ಮೇಲೆ ಸಾವು ಸಂಭವಿಸಿತು. ಸುಮಾರು ಒಂಬತ್ತು ತಿಂಗಳು ಶಾಲೆಗಳು ಮುಚ್ಚಿದ್ದವು. ಪಾಠಗಳು ರೇಡಿಯೊದಲ್ಲಿ ಬರುತ್ತಿದ್ದವು, ಆದರೆ ತಾಯಿಯಿಲ್ಲದ ಮನೆಯಲ್ಲಿ ನೀರು ಹೊತ್ತು, ತಮ್ಮ ತಂಗಿಯರಿಗೆ ಬೇಯಿಸಿ ಹಾಕುವವಳಿಗೆ ರೇಡಿಯೊದ ಮುಂದೆ ಕುಳಿತುಕೊಳ್ಳಲು ಬಿಡುವಿರಲಿಲ್ಲ. 2015ರ ಏಪ್ರಿಲ್‌ನಲ್ಲಿ ಶಾಲೆಗಳು ತೆರೆದಾಗ ಗರ್ಭಿಣಿಯರಾಗಿದ್ದ ಹುಡುಗಿಯರಿಗೆ ಸರ್ಕಾರವೇ ಪ್ರವೇಶ ನಿರಾಕರಿಸಿತು. ಪಶ್ಚಿಮ ಆಫ್ರಿಕದ ಪ್ರಾದೇಶಿಕ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ಅದನ್ನು ತಾರತಮ್ಯವೆಂದು ಘೋಷಿಸಿದ ಮೇಲೆ, 2020ರ ಮಾರ್ಚ್‌ನಲ್ಲಷ್ಟೇ ಆ ನಿಷೇಧ ತೆರವಾಯಿತು. ಆ ಐದು ವರ್ಷಗಳಲ್ಲಿ ಹೊರಗುಳಿದವರ ಫೀಸನ್ನು ಯಾರು ಕಟ್ಟಿದ್ದರೂ ಪ್ರಯೋಜನವಾಗುತ್ತಿರಲಿಲ್ಲ.

ಅಷ್ಟರ ನಡುವೆಯೂ ಗಮನಿಸಬೇಕಾದ ಸಂಗತಿಯೊಂದಿದೆ. ಆ ಮೂರೂ ದೇಶಗಳಲ್ಲಿ ಎಬೋಲಾದಿಂದ ಪೋಷಕರನ್ನು ಕಳೆದುಕೊಂಡ ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಬಂಧುಬಳಗದ ಅಥವಾ ಊರಿನವರ ಆಸರೆ ಸಿಗದೆ ಬೇರೆಡೆ ಇರಿಸಬೇಕಾಗಿ ಬಂದದ್ದು ಶೇಕಡಾ ಮೂರಕ್ಕಿಂತ ಕಡಿಮೆ ಮಕ್ಕಳನ್ನು ಎಂದು 2015ರಲ್ಲಿ ಯುನಿಸೆಫ್ ಹೇಳಿತ್ತು. ತುಳುನಾಡಿನಲ್ಲಿಯೂ ಅಜ್ಜಿಮನೆ, ಸೋದರಮಾವನ ಮನೆಯ ಬಾಗಿಲು ಹೀಗೆಯೇ ತೆರೆದಿರುತ್ತದೆ. ಅನಾಥಾಶ್ರಮ ಕಟ್ಟಲು ಲಕ್ಷಗಟ್ಟಲೆ ಕೊಡುವವರು, ಹುಡುಗಿಯನ್ನು ಇರಿಸಿಕೊಂಡ ಅಜ್ಜಿಗೆ ತಿಂಗಳಿಗೊಂದಿಷ್ಟು ಕೊಡಲು ಹಿಂದೆಮುಂದೆ ನೋಡುವುದು ನನಗೆ ಅರ್ಥವಾಗದ ವಿಷಯ. ಅಜ್ಜಿಯ ಮನೆಯ ಗೋಡೆಯ ಮೇಲೆ ದಾನಿಯ ಹೆಸರಿನ ಕಲ್ಲು ಕೂರಿಸಲಾಗುವುದಿಲ್ಲ ಎಂಬುದು ಕಾರಣವಿರಬಹುದು.

ಯುದ್ಧ ನಮ್ಮ ಊರಿಗೆ ನೇರವಾಗಿ ಬಂದಿಲ್ಲ. 1990ರಲ್ಲಿ ಕುವೈತ್ ಇರಾಕಿನ ವಶವಾದಾಗ ಬರಿಗೈಯಲ್ಲಿ ಮರಳಿದವರ ಮನೆಗಳಲ್ಲಿ ಅದರ ಬಿಸಿ ತಟ್ಟಿತ್ತು. ಕಾಯಿಲೆ ಮಾತ್ರ ಬಂದಿತು. ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ ರಾಜ್ಯದ ಬಾಲಸೇವಾ ಯೋಜನೆ 2021ರಲ್ಲಿ ತಿಂಗಳಿಗೆ 3,500 ರೂಪಾಯಿಗಳ ನೆರವು ಪ್ರಕಟಿಸಿತು. ಕೇಂದ್ರದ ಯೋಜನೆಯಲ್ಲಿ 23 ವರ್ಷ ತುಂಬಿದಾಗ ಹತ್ತು ಲಕ್ಷ ರೂಪಾಯಿ ಸಿಗುತ್ತದೆ. ಇವು ಒಳ್ಳೆಯ ಯೋಜನೆಗಳೇ. ಆದರೆ ಅಪ್ಪ ಇಲಿಜ್ವರದಿಂದಲೋ ಕ್ಷಯದಿಂದಲೋ ತೀರಿಕೊಂಡಿದ್ದರೆ ಮಗಳು ಈ ಪಟ್ಟಿಯಲ್ಲಿಲ್ಲ. ಅಂಥವರಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಇದೆ: ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರದಿದ್ದರೆ, ತಿಂಗಳಿಗೆ 4,000 ರೂಪಾಯಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು. ನಮ್ಮ ನಿಧಿಯ ಮೊದಲ ಕೆಲಸ ಈಗ ಅರ್ಜಿ ತುಂಬಿಸುವುದು, ಮರಣ ಪ್ರಮಾಣಪತ್ರ ಹುಡುಕಿಸುವುದು. ಹಣದ ಮಾತು ಆಮೇಲೆ.

ಬಂಟ್ವಾಳದ ಕಡೆಯ ಒಂದು ಮನೆಯನ್ನು ಇಲ್ಲಿ ನೆನೆಯುತ್ತೇನೆ. ಅಜ್ಜಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು, ಪಕ್ಕದಲ್ಲಿ ಪ್ರಥಮ ಪಿಯುಸಿ ಓದುವ ಮೊಮ್ಮಗಳು ಕತ್ತರಿಯಿಂದ ಎಲೆ ಕತ್ತರಿಸುತ್ತಿದ್ದಳು, ಅಕೌಂಟೆನ್ಸಿ ಪುಸ್ತಕ ಮೊಣಕಾಲಿನ ಹತ್ತಿರ ತೆರೆದಿತ್ತು. ಜುಲೈಯಲ್ಲಿ ಅವಳ ಹಾಜರಿ ಕಡಿಮೆಯಾದದ್ದೇಕೆಂದು ಕೇಳಿದಾಗ, ಒಲೆಯ ಮೇಲಿನ ಹಗ್ಗದಲ್ಲಿ ನೇತುಹಾಕಿದ್ದ ಸಮವಸ್ತ್ರವನ್ನು ಅಜ್ಜಿ ತೋರಿಸಿದರು. ಇದ್ದದ್ದು ಒಂದೇ ಜೊತೆ. ಆಟಿ ತಿಂಗಳ ಮಳೆಯಲ್ಲಿ ಅದು ಒಣಗುವುದಿಲ್ಲ, ಒಣಗಿದರೂ ಹೊಗೆಯ ವಾಸನೆ ಬರುತ್ತದೆಂದು ಹುಡುಗಿ ಕಾಲೇಜಿಗೆ ಹೋಗುತ್ತಿರಲಿಲ್ಲ. ಎರಡನೆಯದು ಬಸ್ಸಿನ ಖರ್ಚು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ; ನಮ್ಮ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳು. ಸಮವಸ್ತ್ರದ ಇನ್ನೊಂದು ಜೊತೆ, ಹೊಲಿಗೆಯ ಕೂಲಿ, ಬಸ್ಸಿನ ಹಣ, ಸ್ಯಾನಿಟರಿ ಪ್ಯಾಡು ಇವಿಷ್ಟೇ ಅವಳನ್ನು ಕಾಲೇಜಿನಲ್ಲಿ ಉಳಿಸಿದವು.

ಬ್ಯಾಂಕಿನವನಾಗಿ ಇನ್ನೊಂದು ಮಾತು. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. ನೆರವಿನ ಹಣ ಮಾವನ ಖಾತೆಗೆ ಹೋದರೆ ಅದು ಮನೆಯ ಮಾಡು ಸೋರುವುದಕ್ಕೋ ಯಾರದೋ ಆಸ್ಪತ್ರೆ ಬಿಲ್ಲಿಗೋ ಖರ್ಚಾಗುತ್ತದೆ. ಅದನ್ನು ಮೋಸವೆಂದು ಕರೆಯಲು ನನಗೆ ಮನಸ್ಸಿಲ್ಲ, ಆ ಮನೆಯ ಅಗತ್ಯಗಳೂ ನಿಜವಾದವುಗಳೇ. ಆದ್ದರಿಂದ ಮನೆಖರ್ಚಿಗೆಂದು ಅಜ್ಜಿಗೆ ಸ್ವಲ್ಪ, ಓದಿಗೆಂದು ಹುಡುಗಿಯ ಖಾತೆಗೆ ಸ್ವಲ್ಪ ಎಂದು ಬೇರೆಬೇರೆಯಾಗಿ ಹಾಕುವ ಕ್ರಮವನ್ನು ಇಟ್ಟುಕೊಂಡಿದ್ದೇವೆ.

ದೊಡ್ಡ ಕಂದಕವಿರುವುದು ಹದಿನೆಂಟನೆಯ ವಯಸ್ಸಿನಲ್ಲಿ. ವಾತ್ಸಲ್ಯದ ಹಣ ಅಲ್ಲಿಗೆ ನಿಲ್ಲುತ್ತದೆ, ಪಿಯುಸಿ ಮುಗಿಸಿದ ಹುಡುಗಿಯ ನಿಜವಾದ ಖರ್ಚು ಅಲ್ಲಿಂದಲೇ ಶುರುವಾಗುತ್ತದೆ, ಮದುವೆಯ ಮಾತು ಬರುವುದೂ ಆಗಲೇ. ಹೀಗಾಗಿ ಒಬ್ಬಳನ್ನು ಒಪ್ಪಿಕೊಂಡರೆ ಪದವಿಯೋ ಡಿಪ್ಲೊಮಾವೋ ಮುಗಿಯುವವರೆಗೆ ಬಿಡಬಾರದೆಂದು ನಿರ್ಧರಿಸಿದ್ದೇವೆ, ಅದಕ್ಕಾಗಿ ಸೇರಿಸಿಕೊಳ್ಳುವವರ ಸಂಖ್ಯೆಯನ್ನು ಕಡಿಮೆ ಮಾಡಿದ್ದೇವೆ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಉಡುಪಿಯಲ್ಲಿ ಶುರುಮಾಡಿದ ಪಿಗ್ಮಿ ಎಂಬ ಸಣ್ಣ ಉಳಿತಾಯದ ಠೇವಣಿ ದಿನಕ್ಕೆ ಎರಡಾಣೆಯ ಲೆಕ್ಕದಲ್ಲಿ ನಡೆದಂತೆ, ನಮ್ಮ ನಿಧಿಯೂ ಪ್ರತಿ ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತಗಳಿಂದ ನಡೆಯುತ್ತದೆ. ಒಂದೇ ಬಾರಿ ದೊಡ್ಡ ಚೆಕ್ಕು ಕೊಡುವವರಿಗಿಂತ ಇವರನ್ನೇ ನಂಬಿ ನಾಲ್ಕು ವರ್ಷದ ನರ್ಸಿಂಗ್ ಓದಿಗೆ ಮಾತು ಕೊಡಬಹುದು.

ಸದ್ಯಕ್ಕೆ ನಮಗೆ ಹಣಕ್ಕಿಂತ ಹೆಚ್ಚಾಗಿ ಬೇಕಾಗಿರುವವರು ಬಂಟ್ವಾಳ, ಬೆಳ್ತಂಗಡಿ, ಕಾರ್ಕಳದ ಕಡೆ ವಾಸವಿರುವ ಮಹಿಳೆಯರು. ತಿಂಗಳಿಗೊಮ್ಮೆ ಒಂದು ಮನೆಗೆ ಹೋಗಿ, ಅಜ್ಜಿಯೊಂದಿಗೆ ಕುಳಿತು ಮಾತನಾಡಿ, ಹುಡುಗಿಯ ಹಾಜರಿಯ ವಿಚಾರ ತಿಳಿದು ಬರಬೇಕು. ನಮ್ಮಂಥ ಗಂಡಸರು ಹೋಗಿ ಕೇಳಿದರೆ ಎಷ್ಟೋ ಸಂಗತಿಗಳನ್ನು ಆ ಮನೆಗಳಲ್ಲಿ ಹೇಳುವುದಿಲ್ಲ.