ಕಳಿಸಿ ಬಟನ್ ಎಲ್ಲಿ ಹೋಯ್ತ್ರೀ?

ವೆಬ್‌ಸೈಟ್ ಮಾಡಿಕೊಡೋ ನಮ್ಮ ಆಫೀಸಿನಲ್ಲಿ ಟೆಸ್ಟ್ ಮಾಡೋಕೆ ಐಫೋನ್ ಇಲ್ಲ, ಮ್ಯಾಕೂ ಇಲ್ಲ. ಕೇಳಿದಾಗಲೆಲ್ಲ ಸರ್ ಹೇಳೋದು ಒಂದೇ: "ಬಳ್ಳಾರಿ ಕಡೆ ಯಾರ ಹತ್ರ ಐತೋ ಐಫೋನು? ಡೆವ್‌ಟೂಲ್ಸ್‌ನಾಗ ನೋಡ್ಕೊ." ಡೆವ್‌ಟೂಲ್ಸ್ ಅಂದರೆ ಕ್ರೋಮ್ ಒಳಗೇ ಇರೋ, ಪೇಜು ಫೋನಿನಲ್ಲಿ ಹೇಗೆ ಕಾಣುತ್ತೆ ಅಂತ ತೋರಿಸೋ ಸಲಕರಣೆ. ಅದರಲ್ಲಿ ಐಫೋನ್ ಅಂತ ಆರಿಸಿಕೊಂಡರೆ ಬದಲಾಗೋದು ಪರದೆಯ ಅಳತೆ, ಯೂಸರ್ ಏಜೆಂಟ್ (ಬ್ರೌಸರ್ ಸೈಟಿಗೆ ಹೇಳಿಕೊಳ್ಳೋ ತನ್ನ ಹೆಸರು), ಇಂಥವಷ್ಟೇ. ಒಳಗೆ ಓಡೋದು, ಪೇಜನ್ನು ಬಿಡಿಸೋದು ಕ್ರೋಮ್‌ನ ಬ್ಲಿಂಕ್ ಎಂಜಿನ್ನೇ.

ಗಂಗಾವತಿಯ ರೈಸ್‌ಮಿಲ್ ಸಾವಕಾರ್ರ ಹತ್ರ ಐಫೋನ್ ಇತ್ತು. ಅವರಿಗೆ ಬೇಕಿದ್ದದ್ದು ಸಣ್ಣ ಫಾರ್ಮ್: ಸಗಟು ಅಂಗಡಿಯವರು ಸೋನಾ ಮಸೂರಿ ರೇಟ್ ನೋಡಿ, ಎಷ್ಟು ಕ್ವಿಂಟಲ್ ಅಂತ ತುಂಬಿ, ಕಳಿಸಿ ಒತ್ತಬೇಕು. ಡೆಮೋ ದಿನ ಅವರು ಕ್ವಿಂಟಲ್ ಬಾಕ್ಸ್ ಮುಟ್ಟಿದ್ದೇ ತಡ, ಇಡೀ ಪೇಜು ಹಿಗ್ಗಿ ಎಡಕ್ಕೆ ವಾಲಿತು. ಬಲಗಡೆ ಇದ್ದ ಬಟನ್ ಪರದೆಯಿಂದ ಆಚೆ.

"ಇದೇನ್ರೀ, ಪೇಜು ಮೈಮೇಲೆ ಬಂದಂಗ ಬರ್ತೈತಿ? ಕಳಿಸಿ ಬಟನ್ ಎಲ್ಲಿ ಹೋಯ್ತ್ರೀ?"

"ಸಫಾರಿ ಪ್ರಾಬ್ಲಮ್ ರೀ, ಕ್ರೋಮ್‌ನಲ್ಲಿ ತೆಗೀರಿ" ಅಂದೆ, ಭಾಳ ಧೈರ್ಯದಿಂದ. ತೆಗೆದರು. ಅದೇ ಕುಣಿತ. ಕ್ಯಾಶ್ ಕ್ಲಿಯರ್ ಮಾಡಿಸಿದೆ, ನೆಟ್ ಸ್ಲೋ ಅಂದೆ. ಸಾವಕಾರ್ರು ಮಾತಾಡಲಿಲ್ಲ, ಮುನೀಮರಿಗೆ ಚಾ ತರಿಸಲು ಹೇಳಿದರು. ಸರ್ ನನ್ನ ಮುಖವನ್ನೇ ನೋಡ್ತಾ ಕೂತಿದ್ದರು. ನಮ್ಮ ದೇಶದಲ್ಲಿ ಐಫೋನ್‌ನ ಕ್ರೋಮ್, ಫೈರ್‌ಫಾಕ್ಸ್ ಎಲ್ಲವೂ ಸಫಾರಿಯದ್ದೇ ಎಂಜಿನ್ ಆದ ಆಪಲ್‌ನ ವೆಬ್‌ಕಿಟ್ ಮೇಲೇ ಓಡುತ್ತವೆ. 2024ರಲ್ಲಿ ಆಪಲ್ ಬೇರೆ ಎಂಜಿನ್‌ಗೆ ಬಾಗಿಲು ತೆರೆದದ್ದು ಯೂರೋಪ್ ಒಕ್ಕೂಟದವರಿಗೆ. ನಾನು ಬ್ರೌಸರ್ ಬದಲಿಸಿದ್ದು ಬೋರ್ಡ್ ಬದಲಿಸಿದ ಹಾಗೆ, ಅಂಗಡಿ ಅದೇ.

ಕಾರಣ ಒಂದು ಸಾಲಿನದು. ಇನ್‌ಪುಟ್‌ನ ಫಾಂಟ್ ಸೈಜ್ 16 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಐಫೋನ್ ತಾನೇ ಜೂಮ್ ಮಾಡುತ್ತೆ. ಡಿಸೈನರ್ ಕೊಟ್ಟಿದ್ದು 14. ಸರ್ ಎಲ್ಲೋ ಓದಿಕೊಂಡು ಬಂದು, ಪೇಜು ಪರದೆಗೆ ಹೇಗೆ ಹೊಂದಬೇಕು ಅಂತ ಹೇಳೋ ವ್ಯೂಪೋರ್ಟ್ ಟ್ಯಾಗಿಗೆ ಮ್ಯಾಕ್ಸಿಮಮ್ ಸ್ಕೇಲ್ 1, ಅಂದರೆ ಇದಕ್ಕಿಂತ ಹಿಗ್ಗಬೇಡ ಅಂತ, ಹಾಕಿಬಿಡು ಅಂದರು. ಹಾಕಿದರೆ ಐಫೋನ್ ಸುಮ್ಮನಾಗುತ್ತೆ, ನಿಜ. ಆದರೆ ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಎರಡು ಬೆರಳಲ್ಲಿ ಹಿಗ್ಗಿಸೋದೇ ಬಂದ್. ಮಿಲ್ಲಿನ ಮುನೀಮರು ರೇಟ್ ಓದೋದೇ ಹಾಗೆ ಹಿಗ್ಗಿಸಿ. ವಾದ ಮಾಡಿ, ಅದರ ಬದಲು ಫಾಂಟನ್ನೇ 16 ಮಾಡಿಸಿದೆ.

ಅದೇ ಫೋನಿನಲ್ಲಿ ಇನ್ನೊಂದು ಕಂಡಿತು, ಇದು ನನಗೆ ಹೆಚ್ಚು ಚುಚ್ಚಿದ್ದು. ಪೇಜಿನಲ್ಲಿ ಅಕ್ಕಿಯ ಹೆಸರು ತೋರಿಸೋ ಡಬ್ಬಿಯ, ಅಂದರೆ ಕಾರ್ಡಿನ, ಹೆಡಿಂಗಲ್ಲಿ 'ಅಕ್ಕಿ' ಇರಬೇಕಾದಲ್ಲಿ 'ಅಕಿ'. ಉದ್ದ ಹೆಸರು ಬಂದರೆ ಚುಕ್ಕಿ ಹಾಕಿ ನಿಲ್ಲಿಸಲು ಓವರ್‌ಫ್ಲೋ ಹಿಡನ್ (ಡಬ್ಬಿ ಮೀರಿದ್ದನ್ನು ಮರೆಮಾಡೋದು) ಕೊಟ್ಟಿದ್ದೆವು, ಲೈನ್‌ಹೈಟ್, ಅಂದರೆ ಸಾಲಿನ ಎತ್ತರ, ಫಾಂಟ್ ಸೈಜಿನಷ್ಟೇ, 1. ಇಂಗ್ಲಿಷಿಗೆ ಹೇಗೋ ನಡೆಯುತ್ತೆ, ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತಲ್ಲ, ಅದನ್ನು ಕತ್ತರಿಸಿಬಿಡುತ್ತೆ. ನನ್ನ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಫಾಂಟ್ ಇತ್ತು, ಒತ್ತಿನ ತುದಿ ಮಾತ್ರ ಹೋಗಿತ್ತು, ಕಣ್ಣಿಗೆ ಬೀಳಲಿಲ್ಲ. ಐಫೋನ್‌ನ ಕನ್ನಡ ಫಾಂಟ್ ಬೇರೆ, ಅಲ್ಲಿ ಒತ್ತೇ ಮಾಯ. ಅಕ್ಕಿ ವ್ಯಾಪಾರಿಗೆ ಒತ್ತಿಲ್ಲದ ಅಕ್ಕಿ ತೋರಿಸಿದ್ದೆವು.

ಲೈನ್‌ಹೈಟ್ 1.6 ಮಾಡಿ, ನೋಟೋ ಸಾನ್ಸ್ ಕನ್ನಡ ಫಾಂಟನ್ನು ಸೈಟಿನ ಜೊತೆಗೇ ಕಳಿಸಿದೆ. ಈಗ ಟೆಸ್ಟ್ ಪೇಜಿಗೆ ಲೋರೆಮ್ ಇಪ್ಸಮ್ ಅನ್ನೋ ಲ್ಯಾಟಿನ್ ಥರದ ಹುಸಿ ಪಠ್ಯ ಹಾಕಲ್ಲ. ಬಳ್ಳಾರಿ, ಕೊಪ್ಪಳ, ಅಕ್ಕಿ, ರಾಷ್ಟ್ರೀಯ ಹೆದ್ದಾರಿ ಅಂತ ಒತ್ತು ಇರೋವನ್ನೇ ತುಂಬ್ತೀನಿ. ಡಿಸೈನರ್‌ಗೆ ಹಿಡಿಸಿಲ್ಲ. ಕಾರ್ಡು ದಪ್ಪ ಕಾಣುತ್ತಂತೆ.