ಬೋರಿಂಗ್ ನೀರು

ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಇಂಗ್ಲಿಷಿಗೆ ಹಾಕಬಹುದಿತ್ತು. ಕಷ್ಟದ ಮಾತೇನಲ್ಲ. ಶನಿವಾರದಿಂದ ಇದೊಂದೇ ತಲೆಯಲ್ಲಿ ಸುತ್ತುತ್ತಿದೆ.

ಅಮ್ಮ ಪಾವಗಡದ ಕಡೆಯಿಂದ ಮೆಲ್ಬೋರ್ನಿಗೆ ಬಂದು ಎರಡು ತಿಂಗಳಾಯಿತು. ಅವಳಿಗೆ ಆಸ್ಟ್ರೇಲಿಯಾ ಅಂದರೆ ಟಾರ್ನೀಟ್‌ನ ನಮ್ಮ ಮನೆ, ಇಂಡಿಯನ್ ಅಂಗಡಿ, ಮೊಮ್ಮಗನ ಸ್ಕೂಲ್ ಗೇಟು, ಅಷ್ಟೇ. ನನಗೂ ಆಫೀಸಲ್ಲಿ ಸಾಕಾಗಿತ್ತು. ಎರಡು ದಿನ ಸುಮ್ನೆ ಬಿದ್ದಿರೋಣ ಅಂತ ಡೇಲ್ಸ್‌ಫರ್ಡ್‌ನಲ್ಲಿ ಒಂದು ಕಾಟೇಜ್ ಬುಕ್ ಮಾಡಿದೆ. ಮೆಲ್ಬೋರ್ನಿನಿಂದ ಸುಮಾರು 110 ಕಿ.ಮೀ. ಇಲ್ಲಿನವರು ಅದನ್ನು ಸ್ಪಾ ಕಂಟ್ರಿ ಅಂತಲೇ ಕರೆಯುತ್ತಾರೆ. ಸ್ಪಾ ಅಂದರೆ ಏನು ಅಂತ ಅಮ್ಮ ಕೇಳಿದಳು. ಎಣ್ಣೆ ಹಚ್ಚಿ ಸ್ನಾನ ಮಾಡಿಸುತ್ತಾರೆ ಅಂದೆ. ‘ದೀಪಾವಳಿ ಇನ್ನೂ ದೂರ ಇದೆಯಲ್ಲೇ’ ಅಂದಳು.

ಡೇಲ್ಸ್‌ಫರ್ಡ್ ಪಕ್ಕದಲ್ಲೇ ಹೆಪ್‌ಬರ್ನ್ ಸ್ಪ್ರಿಂಗ್ಸ್. ನಾನು ಇಷ್ಟು ವರ್ಷ ಅಲ್ಲಿರುವುದು ಬಿಸಿನೀರಿನ ಬುಗ್ಗೆ ಅಂದುಕೊಂಡಿದ್ದೆ. ಅಲ್ಲ. ನೆಲದಿಂದ ಬರುವುದು ತಣ್ಣನೆಯ ನೀರು, ಸೋಡಾ ಹಾಗೆ ಗುಳುಗುಳು ಅನ್ನುತ್ತದೆ. ಬಾತ್‌ಹೌಸಿನವರು ಅದನ್ನೇ ಕಾಯಿಸಿ ಕೊಳಕ್ಕೆ ಬಿಡುತ್ತಾರೆ. 1851ರಲ್ಲಿ ಈ ಕಡೆ ಚಿನ್ನ ಸಿಕ್ಕಿತು, ಸ್ವಿಟ್ಜರ್ಲೆಂಡಿನ ಟಿಚಿನೋ ಕಡೆಯಿಂದ, ಇಟಲಿಯಿಂದ ಜನ ಬಂದರು. ಅವರು 1859ರಲ್ಲಿ ಕಟ್ಟಿದ ಮ್ಯಾಕರೋನಿ ಫ್ಯಾಕ್ಟರಿ ಇನ್ನೂ ನಿಂತಿದೆ. ಗಣಿ ಅಗೆತದಿಂದ ಬುಗ್ಗೆಗಳು ಹಾಳಾಗುತ್ತವೆ ಅಂತ ಊರವರೇ ಗಲಾಟೆ ಮಾಡಿ 1865ರಲ್ಲಿ ಆ ಜಾಗವನ್ನು ಕಾಯ್ದಿಟ್ಟುಕೊಂಡರು. ಚಿನ್ನಕ್ಕಿಂತ ನೀರು ದೊಡ್ಡದು ಅಂತ ಅವತ್ತೇ ಅನ್ನಿಸಿತ್ತಲ್ಲ! ಅದಕ್ಕೂ ಎಷ್ಟೋ ಸಾವಿರ ವರ್ಷ ಮೊದಲು ಜಾ ಜಾ ವುರುಂಗ್ ಜನರ ನೆಲ ಇದು. ಇದಿಷ್ಟೂ ನನ್ನ ಗಂಡ ಓದಿ ಹೇಳಿದ್ದು. ಅವರಿಗೆ ಎಲ್ಲಿ ಬೋರ್ಡ್ ಕಂಡರೂ ಪೂರ್ತಿ ಓದಲೇಬೇಕು, ಜೋರಾಗಿ.

ಮೇ ತಿಂಗಳ ಚಳಿ. ಮರದ ಎಲೆಗಳೆಲ್ಲ ಹಳದಿ, ಕೆಂಪು. ತೊರೆಯ ಪಕ್ಕ ನಡೆದು ಹೋಗುತ್ತಿದ್ದಾಗ ಅಮ್ಮ ಒಮ್ಮೆಲೇ ನಿಂತಳು. ‘ಅಯ್ಯೋ, ಬೋರಿಂಗು!’

ಮಗ ಮುಖ ಸಣ್ಣಗೆ ಮಾಡಿ, ‘ಬೋರಿಂಗ್ ಅಲ್ಲ ಅಜ್ಜಿ, ಚೆನ್ನಾಗಿದೆ’ ಅಂದ.

ನಮ್ಮೂರಲ್ಲಿ ಕೈಪಂಪಿಗೆ ಬೋರಿಂಗ್ ಅಂತಾರೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು. ಕಬ್ಬಿಣದ ಹಿಡಿ, ಕೆಳಗೆ ಕಲ್ಲಿನ ತೊಟ್ಟಿ, ತೊಟ್ಟಿಯ ಮೇಲೆಲ್ಲ ನೀರಿನ ಕಬ್ಬಿಣ ಬಿಟ್ಟ ಕೆಂಪು ಕಲೆ. ಅದರ ಮುಂದೆ ಅರವತ್ತು ದಾಟಿದ ಒಬ್ಬ ಹೆಂಗಸು ಐದು ದೊಡ್ಡ ಕ್ಯಾನ್ ಇಟ್ಟುಕೊಂಡು ನಿಂತಿದ್ದರು. ಪ್ರತಿ ತಿಂಗಳು ಬಲ್ಲಾರಾಟ್‌ನಿಂದ ಬರುತ್ತಾರಂತೆ. ಒಳ್ಳೆ ಹೆಂಗಸು, ಮಾತು ಸ್ವಲ್ಪ ಜಾಸ್ತಿ. ಅಮ್ಮನಿಗೆ ಒಂದು ಲೋಟ ಹಿಡಿದುಕೊಟ್ಟರು. ಅಮ್ಮ ಒಂದು ಗುಟುಕು ಕುಡಿದಳು, ನಾಲಿಗೆಯಲ್ಲೇ ಆಡಿಸಿದಳು, ನುಂಗಿದಳು. ತುಕ್ಕು ಹಿಡಿದ ಮೊಳೆ ಚೀಪಿದ ಹಾಗಿರುತ್ತದೆ ಆ ರುಚಿ.

ಆ ಹೆಂಗಸು ನನಗೆ ಹೇಳಿದರು: ‘ನಿಮ್ಮ ತಾಯಿಗೆ ಹೇಳಿ, ಇದರ ತುಂಬ ಖನಿಜ. ಮೂಳೆಗೆ ತುಂಬಾ ಒಳ್ಳೇದು.’

ಹೇಳಿದೆ. ಅಮ್ಮ ಆಕೆಯನ್ನೇ ನೋಡುತ್ತಾ ಕನ್ನಡದಲ್ಲೇ ಉತ್ತರ ಕೊಟ್ಟಳು. ‘ನಮ್ಮ ಬೋರಿಂಗ್ ನೀರಲ್ಲೂ ಬೇಕಾದಷ್ಟಿತ್ತು ತಾಯಿ. ಕುಡಿದು ಕುಡಿದೇ ನಮ್ಮತ್ತೆ ಬೆನ್ನು ಬಗ್ಗಿಹೋಯ್ತು.’

ಆಕೆ ನನ್ನ ಕಡೆ ತಿರುಗಿದರು. ಏನಂದ್ರು?

ನೀರು ತುಂಬಾ ಚೆನ್ನಾಗಿದೆಯಂತೆ, ಅಂದೆ.

ಆಕೆಯ ಮುಖ ಅರಳಿತು. ಅಮ್ಮನ ತೋಳು ತಟ್ಟಿದರು.

ಬಾತ್‌ಹೌಸಿನಲ್ಲಿ ಈಜುಡುಗೆ ಕಡ್ಡಾಯ ಅಂತ ಗೊತ್ತಾಗಿದ್ದೇ ಅಮ್ಮ ಹೊರಗೆ ಬೆಂಚು ಹುಡುಕಿಕೊಂಡಳು. ನಾನು ಬೆಚ್ಚನೆ ನೀರಲ್ಲಿ ಕುತ್ತಿಗೆವರೆಗೆ ಮುಳುಗಿ ಕಣ್ಣು ಮುಚ್ಚಿದೆ. ಸುತ್ತ ಯಾರೂ ಮಾತಾಡುತ್ತಿರಲಿಲ್ಲ. ಕೊಟ್ಟ ದುಡ್ಡಿಗೆ ಹಾಯಾಗಿರಬೇಕಿತ್ತು. ನನಗೆ ಅಜ್ಜಿ ಕಾಣಿಸಿದಳು. ಅವಳಿಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ನನ್ನ ಮುಖ ನೋಡಬೇಕು ಅಂದರೆ ಗೋಡೆ ಹಿಡಿದು ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ನಾನೇ ನೆಲದ ಮೇಲೆ ಕೂತು ಕೆಳಗಿನಿಂದ ಅವಳ ಮುಖ ನೋಡುತ್ತಿದ್ದೆ. ವಯಸ್ಸಾದ ಮೇಲೆ ಎಲ್ಲರೂ ಹೀಗೇ ಆಗುತ್ತಾರೆ ಅಂದುಕೊಂಡಿದ್ದೆ. ಬೆಂಗಳೂರಿಗೆ ಓದೋಕೆ ಬಂದ ಮೇಲೇ ನೆಟ್ಟಗಿರುವ ಅಜ್ಜಿಯರು ಜಾಸ್ತಿ ಕಂಡದ್ದು.

ನಮ್ಮ ಕಡೆ ಮೂಳೆ, ಹಲ್ಲು ಕೆಡಿಸುವ ಫ್ಲೋರೈಡ್ ನೀರಿನ ಕತೆ ಹೊಸದಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ. ಬೋರ್‌ವೆಲ್ ಆಳಕ್ಕೆ ಇಳಿದ ಹಾಗೆ ಬಂಡೆಯಿಂದ ಕರಗಿದ್ದೆಲ್ಲ ನೀರಿನ ಜೊತೆ ಮೇಲೆ ಬರುತ್ತದೆ. ಹೆಪ್‌ಬರ್ನ್‌ನಲ್ಲೂ ನಡೆಯುವುದು ಅದೇ ಅಲ್ವಾ? ಮಳೆನೀರು ಇಂಗಿ, ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಕೂತು, ಬಂಡೆಯನ್ನೇ ಒಂದಿಷ್ಟು ಕರಗಿಸಿಕೊಂಡು ಬರುತ್ತದೆ. ಇಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ. ಅಲ್ಲಿ ಫ್ಲೋರೈಡ್. ಇವರಿಗೆ ಒಳ್ಳೇ ಬಂಡೆ ಸಿಕ್ಕಿತು, ಅದರ ಮೇಲೆ 1895ರಲ್ಲಿ ಬಾತ್‌ಹೌಸ್ ಎದ್ದಿತು. ನಮಗೆ ನೀರಿನ ಘಟಕ ಬಂತು. ನಾಣ್ಯ ಹಾಕಿ, ಕ್ಯಾನ್ ಹಿಡಿದು, ನೀರಿನಿಂದ ಖನಿಜ ತೆಗೆಸಿ ಮನೆಗೆ ಒಯ್ಯುತ್ತೇವೆ. ಖನಿಜ ಅನ್ನೋ ಪದ ಇಲ್ಲಿ ಬಾಟಲಿ ಮೇಲೆ ದೊಡ್ಡ ಅಕ್ಷರದಲ್ಲಿರುತ್ತದೆ.

ಅಮ್ಮ ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ನಾಚಿಕೆ ಸ್ವಭಾವ ಅಂತ ನನ್ನ ಗಂಡ ಅಂದುಕೊಂಡಿದ್ದಾರೆ. ಹಲ್ಲಿನ ಕಂದು ಗೆರೆ ಮುಚ್ಚೋಕೆ ಅದು. ನನ್ನ ಹಲ್ಲಲ್ಲೂ ಇತ್ತು. ಮೊದಲ ಕೆಲಸಕ್ಕೆ ಸೇರಿ, ಆರು ತಿಂಗಳು ಸಂಬಳ ಉಳಿಸಿ, ಬೆಂಗಳೂರಲ್ಲಿ ಹಲ್ಲಿನ ಮೇಲೆ ಪದರ ಹಾಕಿಸಿಕೊಂಡೆ. ಮದುವೆಗೆ ತೋರಿಸಿದ ಫೋಟೋ ಆಮೇಲಿನದ್ದು. ಆ ಹೆಂಗಸಿಗೆ ನಾನು ಹೇಳಿದ ಸುಳ್ಳೂ ಅಂಥದ್ದೇ ಒಂದು ಪದರ. ಆಕೆಗೆ ಬೇಜಾರಾಗಬಾರದು ಅಂತ ಹೇಳಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ನೋಡಿದೆ. ಆಕೆಗೆ ಏನಾಗುತ್ತಿತ್ತು? ಇನ್ನೂ ಹತ್ತು ಪ್ರಶ್ನೆ ಕೇಳುತ್ತಿದ್ದರು ಅಷ್ಟೇ. ಉತ್ತರ ಕೊಡಬೇಕಾದವಳು ನಾನು.

ಹೊರಗೆ ಬಂದರೆ ಅಮ್ಮ ಬೆಂಚಿನಲ್ಲಿ ಇಲ್ಲ. ಸ್ವೆಟರಿನ ಮೇಲೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ನನ್ನ ಹಳೇ ಶೂ ಹಾಕಿಕೊಂಡು ಪಂಪ್ ಹೊಡೆಯುತ್ತಿದ್ದಾಳೆ. ಆ ಹೆಂಗಸು ಕ್ಯಾನ್ ಹಿಡಿದಿದ್ದಾರೆ. ಇಬ್ಬರೂ ಮಾತಾಡುತ್ತಿದ್ದಾರೆ, ಒಬ್ಬರು ಇಂಗ್ಲಿಷಿನಲ್ಲಿ, ಒಬ್ಬರು ಕನ್ನಡದಲ್ಲಿ. ನಡುವೆ ನಾನು ಬೇಕಾಗಿಯೇ ಇರಲಿಲ್ಲ. ಅಮ್ಮನ ಕೈ ತೂಗುವ ಲೆಕ್ಕ ಒಂದು ಸಲವೂ ತಪ್ಪಲಿಲ್ಲ.

ಅಮ್ಮ ಒಂದು ಬಾಟಲಿ ನೀರು ಮನೆಗೂ ತಂದಳು. ಮಂಗಳವಾರದ ಹೊತ್ತಿಗೆ ಗುಳ್ಳೆ ಹೋಗಿ ತಳದಲ್ಲಿ ಕೆಂಪಗೆ ಮಡ್ಡಿ ಕೂತಿತ್ತು. ನೀರು ಚೆನ್ನಾಗಿದೆಯೋ ಇಲ್ಲವೋ ಅಂತ ನೋಡೋಕೆ ಅಮ್ಮನ ಹತ್ತಿರ ಒಂದೇ ಪರೀಕ್ಷೆ. ತೊಗರಿಬೇಳೆ ಬೇಯುತ್ತಾ? ಬುಧವಾರ ರಾತ್ರಿ ಮೇಲಿನ ತಿಳಿಯನ್ನು ಬಗ್ಗಿಸಿ ಕುಕ್ಕರಿಗಿಟ್ಟಳು.

ಮೊದಲ ಕೂಗು ಆದ ಮೇಲೆ ಕೇಳಿದಳು. ‘ಅವತ್ತು ಆಯಮ್ಮನಿಗೆ ನೀನು ಏನು ಹೇಳಿದೆ?’

‘ನೀನು ಹೇಳಿದ್ದನ್ನೇ.’

ಕೊತ್ತಂಬರಿ ಬಿಡಿಸುತ್ತಿದ್ದವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅತ್ತೆ ಬೆನ್ನು ಬಗ್ಗಿಹೋಯ್ತು ಅಂದ್ರೆ ಯಾರಾದ್ರೂ ನಗ್ತಾರೇನೇ?’

ನಾನು ಕುಕ್ಕರ್ ನೋಡುತ್ತಾ ನಿಂತೆ. ಎರಡನೇ ಕೂಗು ಇನ್ನೂ ಆಗಿರಲಿಲ್ಲ.