ಅಮ್ಮನ ಬೆರಳು, ಇಲಿಮರಿಯ ಥೈಮಸ್

ಕೋಲಾರ, 8 ಅಕ್ಟೋಬರ್ 2025, ಬುಧವಾರ

ಇವತ್ತೂ ಅಮ್ಮನಿಗೆ ಹಾಲಿನ ಪ್ಯಾಕೆಟ್ ಕತ್ತರಿಸೋಕೆ ಆಗಲಿಲ್ಲ. ಎದ್ದ ಮೇಲೆ ಒಂದು ಗಂಟೆ ಬೆರಳು ಮಡಚೋದೇ ಇಲ್ಲ, ಬಿಸಿನೀರಿನ ಪಾತ್ರೆಯಲ್ಲಿ ಕೈ ಇಟ್ಟು ಕೂರಬೇಕು. ರುಮಟಾಯ್ಡ್ ಸಂಧಿವಾತ. "ಬಿದ್ದಿಲ್ಲ, ಏಟಾಗಿಲ್ಲ, ನನ್ನ ಮೈಯೇ ನನ್ನ ಗಂಟು ತಿನ್ನುತ್ತೆ ಅಂದ್ರೆ ಏನೋ ಅದು? ಬೇಲಿನೇ ಎದ್ದು ಹೊಲ ಮೇಯ್ದಂಗೆ" ಅಂದಳು.

ಸೋಮವಾರ ವೈದ್ಯಕೀಯ ನೊಬೆಲ್ ಬಂದಿದ್ದು ಆ ಬೇಲಿಯ, ಅಂದರೆ ಮೈಯನ್ನ ರೋಗದಿಂದ ಕಾಯೋ ವ್ಯವಸ್ಥೆಯ ವಿಷಯಕ್ಕೇ. ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ. (ರಾಮ್ಸ್‌ಡೆಲ್ ಬೆಟ್ಟ ಸುತ್ತೋಕೆ ಹೋಗಿದ್ದು, ಫೋನೇ ಸಿಗ್ತಿರಲಿಲ್ಲವಂತೆ. ಪುಣ್ಯವಂತ.)

ಟೀ ಕುಡಿಯುತ್ತಾ ಅಮ್ಮನಿಗೆ ಹೇಳಿದೆ. ಟಿ ಕಣ ಅನ್ನೋ ಬಿಳಿ ರಕ್ತಕಣಗಳು ಎದೆಮೂಳೆಯ ಹಿಂದಿರೋ ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತವೆ. ಮೈಯದೇ ಪ್ರೋಟೀನ್ ಕಂಡು ಗಟ್ಟಿಯಾಗಿ ಕಚ್ಚಿಕೊಳ್ಳೋ ಕಣಗಳಲ್ಲಿ ಜಾಸ್ತಿ ಪಾಲು ಅಲ್ಲೇ ಸಾಯುತ್ತವೆ. "ಎಲ್ಲಾನೂ ಆರಿಸೋಕಾಗುತ್ತಾ?" ಅಂದಳು. ವರ್ಷಗಟ್ಟಲೆ ಮಂಡಿಗೆ ಟೊಮೆಟೊ ಬಾಕ್ಸ್ ತುಂಬಿದವಳು, ಮೇಲೆ ಕೆಂಪಗಿದ್ದು ತಳದಲ್ಲಿ ಕೊಳೆತ ಹಣ್ಣು ಹೇಗೆ ದಾಟಿಹೋಗುತ್ತೆ ಅಂತ ಅವಳಿಗೆ ಹೇಳಿಕೊಡಬೇಕಾ! ಆಗಲ್ಲ. ಕೆಲವು ತಪ್ಪಿಸಿಕೊಂಡು ರಕ್ತಕ್ಕೆ ಬರುತ್ತವೆ, ಆರೋಗ್ಯವಾಗಿರೋರ ಮೈಯಲ್ಲೂ.

ಹಾಗಿದ್ದರೆ ಎಲ್ಲರಿಗೂ ಯಾಕೆ ಕಾಯಿಲೆ ಬರಲ್ಲ? ಸುಳಿವು ಸಿಕ್ಕಿದ್ದು ಇಲಿಗಳ ಮೇಲಿನ ಪ್ರಯೋಗದಲ್ಲಿ. ಹುಟ್ಟಿ 3 ದಿನಕ್ಕೆ ಇಲಿಮರಿಯ ಥೈಮಸ್ ತೆಗೆದರೆ ರಕ್ಷಣೆ ಕುಂದಬೇಕು ಅಲ್ವಾ? ಉಲ್ಟಾ, ಅದರ ಮೈ ತನ್ನ ಅಂಗಗಳ ಮೇಲೇ ಬೀಳ್ತಿತ್ತು. ಆರೋಗ್ಯವಂತ ಇಲಿಯ ಟಿ ಕಣ ಕೊಟ್ಟರೆ ಅದು ನಿಲ್ಲುತ್ತಿತ್ತು. ಅಂದರೆ ಟಿ ಕಣಗಳಲ್ಲೇ ಒಂದು ಗುಂಪಿನ ಕೆಲಸ ಉಳಿದವನ್ನು ಸುಮ್ಮನಿರಿಸೋದು. ನಿಯಂತ್ರಕ ಟಿ ಕಣ. ಸಕಾಗುಚಿ 1995ರಲ್ಲಿ ಅದನ್ನು ಗುರುತು ಸಮೇತ ತೋರಿಸಿದರು. ಬ್ರಂಕೋ, ರಾಮ್ಸ್‌ಡೆಲ್ ಹಿಡಿದದ್ದು ಇನ್ನೊಂದು ತುದಿ. ಚರ್ಮವೆಲ್ಲ ಹೊಪ್ಪಳೆ ಎದ್ದು ಕೆಲವೇ ವಾರದಲ್ಲಿ ಸಾಯೋ ಒಂದು ತಳಿಯ ಗಂಡು ಇಲಿಗಳಲ್ಲಿ ಫಾಕ್ಸ್‌ಪಿ3 ಅನ್ನೋ ಜೀನ್ ಕೆಟ್ಟಿದೆ ಅಂತ 2001ರಲ್ಲಿ ಕಂಡುಕೊಂಡರು. ಈ ಕಣಗಳು ತಯಾರಾಗೋದೇ ಆ ಜೀನ್‌ನಿಂದ ಅನ್ನೋದು ಆಮೇಲೆ ತಿಳಿಯಿತು.

"ಅದನ್ನೇ ನನಗೆ ಚುಚ್ಚಿಬಿಡಲಿ ಮತ್ತೆ."

ಇನ್ನೂ ಪ್ರಯೋಗದಲ್ಲಿದೆ ಅಮ್ಮ, ಅಂದೆ. ಸದ್ಯಕ್ಕೆ ವಾರಕ್ಕೊಮ್ಮೆ, ಭಾನುವಾರದ ಮೆಥೊಟ್ರೆಕ್ಸೇಟ್ ಮಾತ್ರೆನೇ. ಅದು ಒಳ್ಳೆಯದು ಕೆಟ್ಟದ್ದು ನೋಡದೆ ಎಲ್ಲಾ ಕಾವಲಿನ ಕೈಯನ್ನೂ ಸ್ವಲ್ಪ ಕಟ್ಟುತ್ತೆ, ರಕ್ತಕಣ, ಲಿವರ್ ಹೇಗಿದೆ ಅಂತ ನೋಡೋಕೆ ಆಗಾಗ ರಕ್ತ ಪರೀಕ್ಷೆನೂ ಇದೆ. ಅಮ್ಮ ನೀರಿಂದ ಕೈ ತೆಗೆದು ಒಂದೊಂದೇ ಬೆರಳು ಮಡಚಿ ನೋಡಿದಳು. ಅಷ್ಟರಲ್ಲಿ ನಾನು ಒಲೆ ಮೇಲಿಟ್ಟಿದ್ದ ಹಾಲು ಉಕ್ಕಿಹೋಗಿತ್ತು. ಬೈಸಿಕೊಂಡೆ.